ಐಸ್ ಹೌಸಿನ ಉಪಾಧ್ಯಾಯಿನಿಯರು

ಹೆಣ್ಣುಮಕ್ಕಳಿಗೆ ಓದು ಬೇಕೆ, ಬೇಡವೆ ಎಂದು ನಮ್ಮ ಹಿರಿಯರು ನಡೆಸಿದ ವಾದವಿವಾದಗಳನ್ನು ವಾಚಕರು ಬೇಕಾದಷ್ಟು ಕೇಳಿರುತ್ತೀರಿ. ಆ ವಾದದಲ್ಲಿ ‘ಬೇಕು’ ಎಂದವರು ಗೆದ್ದ ಮರುದಿನ ಬೆಳಿಗ್ಗೆ ಎದುರಾದ ಪ್ರಶ್ನೆಯೊಂದಿದೆ. ಅದರ ಮಾತು ಅಷ್ಟಾಗಿ ಕಿವಿಗೆ ಬೀಳುವುದಿಲ್ಲ. ಶಾಲೆ ತೆರೆದದ್ದಾಯಿತು, ಮಣೆ ಹಾಕಿದ್ದಾಯಿತು. ಪಾಠ ಹೇಳುವವರು ಯಾರು? ಹತ್ತು ವರ್ಷ ದಾಟಿದ ಮಗಳನ್ನು ಪರಪುರುಷನ ಮುಂದೆ ಕೂರಿಸಲು ತಂದೆತಾಯಿ ಒಪ್ಪರು. ಹೆಂಗಸರೇ ಪಾಠ ಹೇಳಬೇಕಾದರೆ ಅವರು ಮೊದಲು ಓದಿರಬೇಕು. ಅವರು ಓದಬೇಕಾದರೆ ಅವರಿಗೆ ಹೇಳಿಕೊಡುವ ಹೆಂಗಸರು ಬೇಕು. ಬೀಜವೃಕ್ಷನ್ಯಾಯ ಎಂದರೆ ಇದೇ ಅಲ್ಲವೆ?

ಮೈಸೂರಿನಲ್ಲಿ 1881ರಲ್ಲಿ ಮಹಾರಾಣಿಯವರ ಹೆಸರಿನ ಹೆಣ್ಣುಮಕ್ಕಳ ಶಾಲೆ ಹುಟ್ಟಿತು. 1890ರ ದಶಕದಲ್ಲಿ ರವೀಂದ್ರನಾಥ ಠಾಕೂರರ ಅಕ್ಕನ ಮಗಳು, ಬಿ.ಎ. ಪದವೀಧರೆ ಸರಳಾದೇವಿಯವರು ಕಲ್ಕತ್ತೆಯಿಂದ ಆ ಶಾಲೆಗೆ ಕೆಲಸಕ್ಕೆ ಬಂದರು. ಗಂಡಸರ ಹಾಗೆ ತಾವೂ ದುಡಿದು ಬದುಕಬೇಕೆಂಬ ಹಟ ಅವರದು. ಹೆಚ್ಚು ಕಾಲ ನಿಲ್ಲಲಿಲ್ಲ. ನಮ್ಮ ಕಡೆಯ ಕೆಲವು ಸಂಗೀತದ ಧಾಟಿಗಳನ್ನು ಕಲಿತುಕೊಂಡು ಹಿಂದಿರುಗಿದರು. ಅವುಗಳಿಂದ ಅವರ ಸೋದರಮಾವನಿಗೆ ಒಳ್ಳೆಯ ಹಾಡುಗಳು ಒದಗಿದವು. ಶಾಲೆಗೆ ಮಾತ್ರ ಮತ್ತೆ ಉಪಾಧ್ಯಾಯಿನಿಯನ್ನು ಹುಡುಕುವ ಕೆಲಸ ಉಳಿಯಿತು. ಅಂಥ ವಿದುಷಿಯರು ಎಷ್ಟು ಮಂದಿ ಸಿಕ್ಕಾರು?

ಈ ಗಂಟನ್ನು ಬಿಚ್ಚುವ ದಾರಿಯನ್ನು ಮೂವರು ನಾಲ್ವರು ಬೇರೆ ಬೇರೆ ಊರುಗಳಲ್ಲಿ ಕಂಡುಕೊಂಡರು. ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದರು. ಅಲ್ಲಿ ಓದಿದ ಗೋದೂಬಾಯಿಯನ್ನು 1893ರಲ್ಲಿ ಮದುವೆಯಾದ ಧೋಂಡೋ ಕೇಶವ ಕರ್ವೆಯವರು ಪುಣೆಯ ಹೊರಗೆ ಹಿಂಗಣೆಯಲ್ಲಿ ವಿಧವೆಯರ ಆಶ್ರಮವನ್ನು ಬೆಳೆಸಿದರು. ಇವರೆಲ್ಲರ ಲೆಕ್ಕಾಚಾರ ಒಂದೇ. ಮನೆಮನೆಯಲ್ಲಿ ಹಿತ್ತಲಿಗೂ ಒಲೆಗೂ ನಡುವೆ ಸವೆಯುತ್ತಿದ್ದ ಎಳೆಯ ವಿಧವೆಯರಿದ್ದರು. ಗೃಹಿಣಿಗೆ ಗಂಡನ ಮನೆ ಬಿಟ್ಟು ಬರಲು ಸಾಧ್ಯವಿರಲಿಲ್ಲ, ಕನ್ಯೆಗೆ ಮದುವೆಯ ಅವಸರ. ಸಮಾಜವು ‘ಇವಳಿಂದ ಏನೂ ಆಗಬೇಕಾದ್ದಿಲ್ಲ’ ಎಂದು ತೀರ್ಮಾನಿಸಿದ್ದ ಹೆಣ್ಣೊಬ್ಬಳಿಗೆ ಮಾತ್ರ ಬಿಡುವಿತ್ತು. ಹೇಳಲು ಕ್ರೂರವಾಗಿದೆ, ಆದರೆ ಹೆಣ್ಣುಮಕ್ಕಳ ಶಾಲೆಗಳು ನಿಂತದ್ದು ಬಹುಮಟ್ಟಿಗೆ ಈ ಬಿಡುವಿನ ಮೇಲೆ.

ಮದರಾಸಿನಲ್ಲಿ ಈ ಕೆಲಸ ಮಾಡಿದವರು ಸಿಸ್ಟರ್ ಸುಬ್ಬಲಕ್ಷ್ಮಿ. ‘ಸಿಸ್ಟರ್’ ಎಂಬುದನ್ನು ಕೇಳಿ ಕ್ರೈಸ್ತ ಸಂನ್ಯಾಸಿನಿಯೆಂದು ತಿಳಿಯಬಾರದು. ಅವರು 1886ರಲ್ಲಿ ಮೈಲಾಪುರದಲ್ಲಿ, ತಂಜಾವೂರು ಸೀಮೆಯ ಸಂಪ್ರದಾಯಸ್ಥ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದವರು. ತಂದೆ ಸುಬ್ರಹ್ಮಣ್ಯ ಅಯ್ಯರ್ ಮರಾಮತ್ತು ಇಲಾಖೆಯಲ್ಲಿ ಎಂಜಿನಿಯರು. ಮಗಳು ಒಂಬತ್ತನೆಯ ವಯಸ್ಸಿನಲ್ಲಿ ನಾಲ್ಕನೆಯ ತರಗತಿಯ ಪರೀಕ್ಷೆಯಲ್ಲಿ ಚೆಂಗಲ್‌ಪಟ್ಟು ಜಿಲ್ಲೆಗೇ ಮೊದಲಿಗಳಾದಳು. ಬೇಗನೆ ಮದುವೆ, ಮದುವೆಯ ಬೆನ್ನಿಗೇ ವೈಧವ್ಯ. ಗಂಡನೆಂದರೆ ಏನೆಂದು ತಿಳಿಯುವ ಮೊದಲೇ ಗಂಡನಿಲ್ಲದವಳಾದಳು.

ತಂದೆ ಮಾಡಿದ್ದು ದೊಡ್ಡ ಭಾಷಣವನ್ನಲ್ಲ. ಮಗಳಿಗೆ ಪುಸ್ತಕ ಕೊಟ್ಟರು. ನೆಂಟರಿಷ್ಟರ ಮಾತನ್ನು ಕೇಳಿಸಿಕೊಂಡೇ ಅವಳನ್ನು ಓದಿಸಿದರು. 1911ರಲ್ಲಿ ಸುಬ್ಬಲಕ್ಷ್ಮಿ ಪ್ರೆಸಿಡೆನ್ಸಿ ಕಾಲೇಜಿನಿಂದ ಪ್ರಥಮ ದರ್ಜೆಯಲ್ಲಿ ಪದವಿ ಪಡೆದರು. ಮದರಾಸು ಪ್ರಾಂತದಲ್ಲಿ ಪದವೀಧರೆಯಾದ ಮೊದಲ ಹಿಂದೂ ಮಹಿಳೆ ಅವರೇ. ಆಗ ಮಂಗಳೂರು, ಬಳ್ಳಾರಿಗಳೂ ಆ ಪ್ರಾಂತಕ್ಕೆ ಸೇರಿದ್ದುವೆಂಬುದನ್ನು ನೆನೆದರೆ ಆ ಮಾತಿನ ವಿಸ್ತಾರ ತಿಳಿದೀತು.

ಅದೇ ಹೊತ್ತಿನಲ್ಲಿ ಹೆಣ್ಣುಮಕ್ಕಳ ಶಾಲೆಗಳ ಇನ್‌ಸ್ಪೆಕ್ಟ್ರೆಸ್ ಆಗಿದ್ದ ಮಿಸ್ ಲಿಂಚ್ ಎಂಬಾಕೆ ಉಪಾಧ್ಯಾಯಿನಿಯರಿಗಾಗಿ ತಡಕಾಡುತ್ತಿದ್ದರು. ಬಾಲವಿಧವೆಯರನ್ನು ಓದಿಸಿ ಆ ಕೆಲಸಕ್ಕೆ ತರಬೇಕೆಂಬ ಯೋಚನೆ ಇಬ್ಬರಿಗೂ ಇತ್ತು. ಒಬ್ಬಾಕೆಗೆ ಶಾಲೆ ನಡೆಯಬೇಕು, ಇನ್ನೊಬ್ಬಾಕೆಗೆ ತನ್ನಂಥ ಹುಡುಗಿಯರು ಬದುಕಬೇಕು. 1912ರಲ್ಲಿ ಶಾರದಾ ಮಹಿಳಾ ಸಂಘವೂ, ಎಗ್ಮೋರಿನ ಒಂದು ಮನೆಯಲ್ಲಿ ಬೆರಳೆಣಿಕೆಯ ಹುಡುಗಿಯರೊಂದಿಗೆ ವಿಧವೆಯರ ಗೃಹವೂ ಆರಂಭವಾದವು. ಸುಬ್ಬಲಕ್ಷ್ಮಿಯವರ ಚಿಕ್ಕಮ್ಮ ವಾಲಾಂಬಾಳ್, ತಾವೂ ವಿಧವೆ, ಬೆಂಬಲಕ್ಕೆ ನಿಂತರು.

ಗೃಹ ಬೆಳೆದು, ಸರ್ಕಾರದ ನೆರವಿನಿಂದ ಕಡಲತೀರದ ಐಸ್ ಹೌಸಿಗೆ ಬಂತು. ಈ ಕಟ್ಟಡದ ಜಾತಕವೇ ವಿಚಿತ್ರ. ಅಮೆರಿಕೆಯ ಬಾಸ್ಟನ್ನಿನಿಂದ ಹಡಗಿನಲ್ಲಿ ಬರುತ್ತಿದ್ದ ಮಂಜುಗಡ್ಡೆಯನ್ನು ಕೂಡಿಡಲು 1840ರ ದಶಕದಲ್ಲಿ ಟ್ಯೂಡರ್ ಎಂಬ ವರ್ತಕ ಕಟ್ಟಿಸಿದ್ದು. ಯಂತ್ರದಿಂದ ಇಲ್ಲೇ ಮಂಜುಗಡ್ಡೆ ತಯಾರಾದ ಮೇಲೆ ವ್ಯಾಪಾರ ಕರಗಿತು. ಆಮೇಲೆ ಬಿಳಿಗಿರಿ ಅಯ್ಯಂಗಾರ್ ಎಂಬ ವಕೀಲರು ಕೊಂಡರು. 1897ರಲ್ಲಿ ಸ್ವಾಮಿ ವಿವೇಕಾನಂದರು ಕೆಲವು ದಿನ ಅಲ್ಲಿ ತಂಗಿದ್ದರು. 1917ರಲ್ಲಿ ಸರ್ಕಾರ ಅದನ್ನು ಕೊಂಡಿತು. ಈಗ ಅದು ವಿವೇಕಾನಂದರ ಸ್ಮಾರಕ ಭವನ. ನಾನು ಚೆನ್ನೈಗೆ ಹೋದಾಗಲೆಲ್ಲ ಆ ದುಂಡುಗೋಡೆಯ ಕಟ್ಟಡದ ಮುಂದೆ ಒಂದು ಗಳಿಗೆ ನಿಲ್ಲುವುದುಂಟು. ಮೈಯೆಲ್ಲ ಮುಚ್ಚಿಕೊಂಡು ಒಳಮನೆಯಲ್ಲಿ ಬೆಳೆದ ಹುಡುಗಿಗೆ ಬೆಳಿಗ್ಗೆ ಎದ್ದೊಡನೆ ಎದುರಿಗೆ ಕಡಲು ಕಾಣುವುದೆಂದರೆ ಹೇಗಿದ್ದೀತು ಎಂದು ಯೋಚಿಸುತ್ತೇನೆ. ಊರಿನಲ್ಲಿ ಅವಳ ಮುಖವನ್ನು ನೋಡಿದರೆ ಅಪಶಕುನ. ಇಲ್ಲಿ ನಲವತ್ತು ಮಕ್ಕಳು ಆ ಮುಖವನ್ನೇ ನೋಡಿ ಪಾಠ ಕಲಿಯಬೇಕು!

1922ರಲ್ಲಿ ಲೇಡಿ ವೆಲಿಂಗ್ಡನ್ ಟ್ರೇನಿಂಗ್ ಕಾಲೇಜು ಆರಂಭವಾದಾಗ ಸುಬ್ಬಲಕ್ಷ್ಮಿಯವರೇ ಅದರ ಮೊದಲ ಪ್ರಿನ್ಸಿಪಾಲರು. ಅದಕ್ಕೆ ಸೇರಿದಂತೆ ಅಭ್ಯಾಸಕ್ಕಾಗಿ ಒಂದು ಶಾಲೆ. ಟ್ರೇನಿಂಗ್ ಎಂದರೆ ಏನೆಂದು ಇಂದಿನ ವಾಚಕರಿಗೆ ಒಂದು ಮಾತು ಹೇಳಬೇಕು. ಕಲಿಯುವಾಕೆ ಪಾಠದ ಟಿಪ್ಪಣಿ ಬರೆದು ತೋರಿಸಬೇಕು, ಸೀಮೆಸುಣ್ಣ ಹಿಡಿದು ಮಕ್ಕಳ ಮುಂದೆ ನಿಲ್ಲಬೇಕು. ಹಿಂದಿನ ಬೆಂಚಿನಲ್ಲಿ ಅವಳ ಗೆಳತಿಯರೂ ಗುರುಗಳೂ ನೋಟುಪುಸ್ತಕ ಹಿಡಿದು ಕೂತಿರುತ್ತಾರೆ. ಪಾಠ ಮುಗಿದ ಮೇಲೆ ತಪ್ಪುಗಳ ಎಣಿಕೆ. ದನಿ ಕೇಳಿಸಲಿಲ್ಲ, ಬೋರ್ಡಿಗೆ ಅಡ್ಡ ನಿಂತೆ, ಪ್ರಶ್ನೆಯಲ್ಲೇ ಉತ್ತರ ಹೇಳಿಬಿಟ್ಟೆ. ದನಿಯೆತ್ತಬಾರದೆಂದೇ ಬೆಳೆಸಿದ ಹೆಣ್ಣಿಗೆ ‘ದನಿಯೆತ್ತು’ ಎಂದು ಹೇಳಿದ ಮೊದಲ ಸ್ಥಳ ಬಹುಶಃ ಇಂಥ ತರಗತಿಯೇ.

ಕೈಗೆ ಸಂಬಳ ಬಂದರೆ ಮನೆಯಲ್ಲಿ ಏನಾಗುತ್ತದೆಂಬುದನ್ನು ಯಾವ ವರದಿಯೂ ಬರೆಯುವುದಿಲ್ಲ. ನನ್ನ ಬಾಲ್ಯದಲ್ಲಿ ನಮ್ಮೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ವಯಸ್ಸಾದ ಟೀಚರಮ್ಮ ಒಬ್ಬರಿದ್ದರು. ಅವರೂ ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡವರು. ಪ್ರತಿ ತಿಂಗಳು ಸಂಬಳವಾದ ದಿನ ನನ್ನ ಕೈಹಿಡಿದುಕೊಂಡು ಅಂಚೆಕಚೇರಿಗೆ ಹೋಗಿ ತಮ್ಮನಿಗೆ ಮನಿಯಾರ್ಡರ್ ಮಾಡುತ್ತಿದ್ದರು. ಒಂದು ಕಾಲದಲ್ಲಿ ಇದೇ ತಮ್ಮನ ಮದುವೆಯ ಚಪ್ಪರದಿಂದ ಅವರನ್ನು ಒಳಗೆ ಕಳಿಸಿದ್ದರಂತೆ. ಇದನ್ನು ಹೇಳುವಾಗ ಅವರ ದನಿಯಲ್ಲಿ ಕಹಿಯಿರಲಿಲ್ಲ. “ಈಗ ಅವನ ಮಕ್ಕಳ ಫೀಜು ನನ್ನದೇ ಕಣಮ್ಮ” ಎಂದು ನಕ್ಕು, ರಸೀದಿಯನ್ನು ನಾಲ್ಕು ಮಡಿಕೆ ಮಾಡಿ ಕೈಚೀಲದಲ್ಲಿಡುತ್ತಿದ್ದರು.

ಸುಬ್ಬಲಕ್ಷ್ಮಿಯವರ ಗೃಹದ ಬಗ್ಗೆ ಒಂದು ಆಕ್ಷೇಪಣೆಯುಂಟು; ಅದು ಸುಳ್ಳಲ್ಲ. ಆ ಗೃಹ ಬ್ರಾಹ್ಮಣ ವಿಧವೆಯರಿಗೆ ಮಾತ್ರ. ಸರ್ಕಾರದ ಹಣದಿಂದ ನಡೆದ ಸಂಸ್ಥೆಗೆ ಈ ಬೇಲಿ ಏಕೆ? ಮಡಿಯಲ್ಲಿ ಲೋಪವಾಗುತ್ತದೆಂಬ ಸಂಶಯ ಬಂದರೆ ಯಾವ ಅಯ್ಯರೂ ಅಯ್ಯಂಗಾರರೂ ಮಗಳನ್ನು ಕಳಿಸುತ್ತಿರಲಿಲ್ಲ ಎಂಬುದು ಅವರ ಪರವಾದ ಉತ್ತರ. ಲೋಕವ್ಯವಹಾರ ಬಲ್ಲವರಿಗೆ ಈ ಉತ್ತರ ಅರ್ಥವಾಗುತ್ತದೆ. ಆದರೂ ಅದು ಪೂರ್ತಿ ಸಮಾಧಾನ ಕೊಡುವುದಿಲ್ಲ. ಓದಿನ ಹಸಿವು ಒಂದು ಜಾತಿಯ ಹೆಣ್ಣಿಗೆ ಮಾತ್ರ ಇತ್ತೆ? ಟ್ರೇನಿಂಗ್ ಕಾಲೇಜಿನ ಕೆಲಸ ಈ ಬೇಲಿಗಿಂತ ದೊಡ್ಡದಾಯಿತೆಂಬುದನ್ನೂ ಇಲ್ಲೇ ಹೇಳಬೇಕು. ಅಲ್ಲಿಂದ ಹೊರಟ ಉಪಾಧ್ಯಾಯಿನಿಯ ಮುಂದೆ ಕೂತ ಮಕ್ಕಳು ಒಂದೇ ಜಾತಿಯವರಾಗಿರಲಿಲ್ಲ.

ಇನ್ನೊಂದು ಬೆಲೆಯನ್ನೂ ಅವರು ತೆತ್ತರು. ಸರ್ಕಾರಿ ನೌಕರಿಯಲ್ಲಿದ್ದವರು ರಾಜಕೀಯಕ್ಕೆ ಇಳಿಯುವಂತಿರಲಿಲ್ಲ. ದೇಶದ ಹೆಂಗಸರು ಬೀದಿಗಿಳಿದ 1930ರಲ್ಲೂ ಅವರು ಹಾಜರಿ ಪುಸ್ತಕದ ಮುಂದೆಯೇ ಇದ್ದರು. ಆದರೆ ಬಾಲ್ಯವಿವಾಹದ ಪ್ರಶ್ನೆ ಬಂದಾಗ ಸುಮ್ಮನಿರಲಿಲ್ಲ. ಹುಡುಗಿಯರ ಮದುವೆಯ ವಯಸ್ಸನ್ನು ಹದಿನಾಲ್ಕಕ್ಕೆ ಏರಿಸಿದ ಶಾಸನಕ್ಕೆ ಮೊದಲು ಕೂತ ಜೋಷಿ ಸಮಿತಿಯ ಮುಂದೆ ಸಾಕ್ಷ್ಯ ಹೇಳಿದರು. ಅವರಿಗಿಂತ ಹೆಚ್ಚಿನ ಅಧಿಕಾರದಿಂದ ಆ ವಿಷಯ ಮಾತನಾಡಬಲ್ಲವರು ಯಾರಿದ್ದರು?

1941ರಲ್ಲಿ ನಿವೃತ್ತಿಯಾಯಿತು. ಮರುವರ್ಷವೇ ಮೈಲಾಪುರದಲ್ಲಿ ವಯಸ್ಕ ಹೆಂಗಸರಿಗಾಗಿ ಶಾಲೆ. 1952ರಿಂದ 1956ರವರೆಗೆ ಮದರಾಸು ವಿಧಾನ ಪರಿಷತ್ತಿನ ನಾಮಕರಣ ಸದಸ್ಯತ್ವ. ಎಪ್ಪತ್ತರ ಹೊಸ್ತಿಲಲ್ಲಿ ಮೈಲಾಪುರದ ವಿದ್ಯಾಮಂದಿರ ಶಾಲೆಯ ಆಡಳಿತ. 1958ರಲ್ಲಿ ಪದ್ಮಶ್ರೀ. ಇಂಗ್ಲೆಂಡಿನ ಮೋನಿಕಾ ಫೆಲ್ಟನ್ ಅವರ ಜೀವನವನ್ನು ಕುರಿತು 1966ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. 1969ರ ಡಿಸೆಂಬರ್ 20ರಂದು, ವೈಕುಂಠ ಏಕಾದಶಿಯ ದಿನ, ಸುಬ್ಬಲಕ್ಷ್ಮಿಯವರು ತೀರಿಕೊಂಡರು.

ಅವರ ಟ್ರೇನಿಂಗ್ ಕಾಲೇಜು ಕಡಲತೀರದ ರಸ್ತೆಯಲ್ಲಿ ಇಂದಿಗೂ ಇದೆ. ಅದರ ಹೆಸರು ಮಾತ್ರ ಈಗಲೂ ಅಂದಿನ ಗವರ್ನರರ ಹೆಂಡತಿಯದೇ.