ಅಗ್ಗದ ಗಣಕಯಂತ್ರದ ಕಥೆ: ಸಿಂಪ್ಯೂಟರಿನಿಂದ ಇಂದಿನ ಲ್ಯಾಪ್‌ಟಾಪಿನವರೆಗೆ



ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾಗಿ ಕಾಲೇಜುಗಳ ಪ್ರವೇಶ ಆರಂಭವಾದೊಡನೆ ನನಗೆ ಒಂದೇ ಬಗೆಯ ಕರೆಗಳು ಬರತೊಡಗುತ್ತವೆ. ಒಂದು ಕಾಲದಲ್ಲಿ ನನ್ನೆದುರು ಬೆಂಚಿನ ಮೇಲೆ ಕುಳಿತವರು ಇಂದು ತಾಯ್ತಂದೆಯರಾಗಿ ಕೇಳುತ್ತಾರೆ: "ಸರ್, ಮಗಳು ಬಿ.ಕಾಂ. ಸೇರ್ತಾಳೆ. ಕಡಿಮೆ ರೇಟಿನ ಲ್ಯಾಪ್‌ಟಾಪ್ ಸಾಕಾಗುತ್ತೇನ್ರಿ? ತಮ್ಮ ಬೇರೆ ಅದರಾಗೆ ಗೇಮ್ ಆಡ್ತೀನಿ ಅಂತ ಕುಂತಾನೆ." ಚಿಗಟೇರಿ, ಹರಪನಹಳ್ಳಿ, ಕೊಟ್ಟೂರು ಸೀಮೆಯ ರೈತನ ಮನೆಯಲ್ಲಿ ಈ ಪ್ರಶ್ನೆ ಸಣ್ಣದಲ್ಲ. ಲ್ಯಾಪ್‌ಟಾಪಿನ ಹಣವೆಂದರೆ ಬೀಜ, ಗೊಬ್ಬರ, ಕೂಲಿಗಳನ್ನು ಕಳೆದು ಒಂದು ಹಂಗಾಮಿನ ಮೆಕ್ಕೆಜೋಳದಲ್ಲಿ ಉಳಿದ ಹಣ. ಆಯ್ಕೆ ತಪ್ಪಿದರೆ ಮಗಳ ಮೂರು ವರ್ಷದ ಓದಿಗೆ ಬೇಕಾದ ಯಂತ್ರ ಒಂದೇ ವರ್ಷಕ್ಕೆ ಮೂಲೆ ಸೇರುತ್ತದೆ. ಇನ್ನೊಂದನ್ನು ಕೊಳ್ಳುವ ಶಕ್ತಿ ಇರುವುದಿಲ್ಲ.

ನಾನು ಸಮಾಜ ವಿಜ್ಞಾನ ಬೋಧಿಸಿದವನೇ ಹೊರತು ಯಂತ್ರತಜ್ಞನಲ್ಲ. ಆದರೆ ಅಗ್ಗದ ಗಣಕಯಂತ್ರಕ್ಕೂ ಒಂದು ಇತಿಹಾಸವಿದೆ. ಅದರ ಮುಖ್ಯವಾದ ಒಂದು ಅಧ್ಯಾಯ ನಮ್ಮ ಬೆಂಗಳೂರಿನಲ್ಲೇ ನಡೆದಿದೆ. ಆ ಇತಿಹಾಸವನ್ನು ಗಮನಿಸಿದರೆ ನಿಮ್ಮ ಪ್ರಶ್ನೆಗೆ ಉತ್ತರವೂ ದೊರೆಯುತ್ತದೆಂದು ನನ್ನ ನಂಬಿಕೆ.

ಸಾಗಿಸಬಲ್ಲ ಗಣಕಯಂತ್ರವೆಂದು ಮಾರುಕಟ್ಟೆಯಲ್ಲಿ ಮೊದಲು ಯಶಸ್ಸು ಕಂಡದ್ದು ಅಮೆರಿಕದ ಆಸ್ಬೋರ್ನ್-1. 1981ರಲ್ಲಿ ಬಂದ ಅದರ ಬೆಲೆ 1,795 ಡಾಲರ್, ತೂಕ ಸುಮಾರು ಹನ್ನೊಂದು ಕಿಲೋ, ಪರದೆ ಕೇವಲ ಐದು ಅಂಗುಲ. ಹೊಲಿಗೆ ಯಂತ್ರದ ಪೆಟ್ಟಿಗೆಯಂತಿದ್ದ ಅದು ಬಡವರ ವಸ್ತುವಾಗಿರಲಿಲ್ಲ. ಹಳ್ಳಿಯ ಬಡವನಿಗೂ ಗಣಕಯಂತ್ರ ಎಟುಕಬೇಕೆಂಬ ವಿಚಾರವನ್ನು ಗಂಭೀರವಾಗಿ ಕೈಗೆತ್ತಿಕೊಂಡವರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಪ್ರಾಧ್ಯಾಪಕರೂ ಬೆಂಗಳೂರಿನ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯವರೂ ಮುಖ್ಯರು. ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್, ರಮೇಶ್ ಹರಿಹರನ್, ವಿನಯ್ ದೇಶಪಾಂಡೆ ಮೊದಲಾದವರು ಸೇರಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. 2001ರ ಏಪ್ರಿಲ್‌ನಲ್ಲಿ ಮಾದರಿ ಯಂತ್ರ ಬಿಡುಗಡೆಯಾಯಿತು. ಅಂಗೈಯಲ್ಲಿ ಹಿಡಿಯಬಹುದಾದ, ಕಡ್ಡಿಯಿಂದ ಪರದೆಯನ್ನು ಮುಟ್ಟಿ ನಡೆಸುವ, ಲಿನಕ್ಸ್ ಆಧಾರಿತ ಯಂತ್ರವದು. ಗುರಿಯಾಗಿದ್ದ ಬೆಲೆ ಸುಮಾರು 9,000 ರೂಪಾಯಿ.

ಸಿಂಪ್ಯೂಟರಿನಲ್ಲಿ ನನಗೆ ಇಂದಿಗೂ ಮೆಚ್ಚುಗೆಯಾಗುವುದು ಅದರ ಹಿಂದಿದ್ದ ಯೋಚನೆ. ಅದನ್ನು ರೂಪಿಸಿದವರು ಮೊದಲು ಕೇಳಿಕೊಂಡದ್ದು, ಬಳಸುವವನು ಯಾರು, ಅವನ ಭಾಷೆ ಯಾವುದು, ಅವನಿಗೆ ಬೇಕಾದ ಕೆಲಸ ಯಾವುದು ಎಂದು. ಓದುಬರಹ ಬಾರದವನಿಗೆ ಯಂತ್ರವೇ ಭಾರತೀಯ ಭಾಷೆಯಲ್ಲಿ ಓದಿ ಹೇಳಬೇಕು. ಒಬ್ಬನಿಗೆ ಕೊಳ್ಳಲಾಗದಿದ್ದರೆ ಊರಿಗೊಂದು ಯಂತ್ರವಿದ್ದು ಪ್ರತಿಯೊಬ್ಬರೂ ತಮ್ಮ ಸ್ಮಾರ್ಟ್ ಕಾರ್ಡ್ ಹಾಕಿ ಬಳಸಬೇಕು ಎಂಬುದು ಅವರ ಕಲ್ಪನೆ. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ತಯಾರಾದ ಅಮಿಡಾ ಸಿಂಪ್ಯೂಟರ್ ಮಾರುಕಟ್ಟೆಗೆ ಬಂತು. ಕೈಯಲ್ಲಿ ವಾಲಿಸಿದರೆ ಆ ಚಲನೆಯನ್ನು ಗ್ರಹಿಸುವ ಸಾಧನ ಅದರಲ್ಲಿತ್ತು. ಐಫೋನ್ ಬಂದದ್ದು 2007ರಲ್ಲಿ ಎಂಬುದನ್ನು ನೆನೆದರೆ ನಮ್ಮವರ ದೂರದೃಷ್ಟಿ ತಿಳಿಯುತ್ತದೆ.

ಆದರೂ ಸಿಂಪ್ಯೂಟರ್ ಮನೆಮನೆಯನ್ನು ತಲುಪಲಿಲ್ಲ. ಬಣ್ಣದ ಪರದೆಯ ಮಾದರಿಯ ಬೆಲೆ ಇಪ್ಪತ್ತು ಸಾವಿರದ ಹತ್ತಿರಕ್ಕೆ ಹೋಯಿತು. ಅಷ್ಟರಲ್ಲಿ ಮೊಬೈಲ್ ಫೋನ್ ಅಗ್ಗವಾಗಿ ಎಲ್ಲರ ಜೇಬಿಗೆ ಬಂದಿತ್ತು. ಮಾರಾಟವಾದದ್ದು ಕೆಲವು ಸಾವಿರ ಯಂತ್ರಗಳಷ್ಟೆ. ಕೆಲಸ ಸರಿಯಾಗಿ ಗೊತ್ತಿದ್ದರೂ ಬೆಲೆ ಮತ್ತು ಕಾಲ ಕೂಡಿಬರಲಿಲ್ಲ.

ಗಣಕಯಂತ್ರ ಹಳ್ಳಿಗನಿಗೆ ಪ್ರಯೋಜನವಾದದ್ದು ಅದೇ ವರ್ಷಗಳಲ್ಲಿ ಬೇರೊಂದು ದಾರಿಯಿಂದ. ಕರ್ನಾಟಕದ 'ಭೂಮಿ' ಯೋಜನೆಯಡಿ 177 ತಾಲ್ಲೂಕುಗಳ ಪಹಣಿಗಳು ಗಣಕೀಕೃತವಾದವು. 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಅಚ್ಚಾದ ಪಹಣಿ ಕೈಗೆ ಬರತೊಡಗಿತು. ನಮ್ಮ ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಜಿಲ್ಲೆ ಎಷ್ಟು ಸಲ ಬದಲಾದರೂ ರೈತನಿಗೆ ಬೇಕಾದದ್ದು ಒಂದೇ: ಕನ್ನಡದಲ್ಲಿ ಸ್ಪಷ್ಟವಾಗಿ ಓದಬಲ್ಲ ಒಂದು ಹಾಳೆ. ಆ ಕೆಲಸ ಆಯಿತು. ಯಂತ್ರ ಯಾವ ಕಂಪನಿಯದೆಂದು ಯಾರೂ ಕೇಳಲಿಲ್ಲ.

ಕನ್ನಡದ ಮಾತು ಬಂದದ್ದರಿಂದ ಇಷ್ಟು ಹೇಳಿ ಮುಂದುವರಿಯುತ್ತೇನೆ. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ 'ಬರಹ', ಕನ್ನಡ ಗಣಕ ಪರಿಷತ್ತಿನ 'ನುಡಿ' ಇವೆಲ್ಲ ಸಾಧಾರಣ ಯಂತ್ರಗಳಲ್ಲೇ ಓಡಿದವು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಎಂಬ ಕನ್ನಡ ಅಕ್ಷರಶೈಲಿ ಸೇರಿತು. ಕನ್ನಡ ಬರೆಯಲು ದುಬಾರಿ ಯಂತ್ರ ಬೇಕೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಎರಡನೆಯ ಅಧ್ಯಾಯ 2007ರದು. ತೈವಾನಿನ ಆಸುಸ್ ಸಂಸ್ಥೆ 'ಈ ಪಿಸಿ 701' ಎಂಬ ಪುಟ್ಟ ಲ್ಯಾಪ್‌ಟಾಪ್ ತಂದಿತು. ಏಳು ಅಂಗುಲದ ಪರದೆ, 512 ಎಂಬಿ ರ‍್ಯಾಮ್, 4 ಜಿಬಿ ಸಂಗ್ರಹ. ಮರುವರ್ಷ ನಮ್ಮ ದೇಶದ ಎಚ್‌ಸಿಎಲ್ 'ಮೈಲೀಪ್' ಎಂಬುದನ್ನು ತಂದಿತು. ಇವಕ್ಕೆ ನೆಟ್‌ಬುಕ್ ಎಂಬ ಹೆಸರು ಬಿತ್ತು. ಮಿಂಚಂಚೆ ಓದಲು, ಪತ್ರ ಬರೆಯಲು ಕೊಂಡವರು ತೃಪ್ತರಾದರು. ಪೂರ್ಣ ಲ್ಯಾಪ್‌ಟಾಪ್ ಎಂದು ಭಾವಿಸಿ ಕೊಂಡವರು ಬೇಸತ್ತರು. ಈ ಪಿಸಿಯ 4 ಜಿಬಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಅದರ ಕಾರ್ಯವ್ಯವಸ್ಥೆಯೇ ಆಕ್ರಮಿಸಿತ್ತು. ಅನಂತರದ ನೆಟ್‌ಬುಕ್‌ಗಳಿಗೆಂದು 2009ರಲ್ಲಿ ಬಂದ ವಿಂಡೋಸ್ 7 ಸ್ಟಾರ್ಟರ್‌ನಲ್ಲಿ ಪರದೆಯ ಹಿನ್ನೆಲೆ ಚಿತ್ರವನ್ನು ಬದಲಿಸಲೂ ಅವಕಾಶವಿರಲಿಲ್ಲ! ಕೊಳ್ಳುವ ದಿನ ಸಾಕಾದದ್ದು ಎರಡು ವರ್ಷದ ಬಳಿಕ ಸಾಕಾಗದು ಎಂಬುದು ಇದರ ಪಾಠ.

ಮೂರನೆಯದು 'ಆಕಾಶ್'. 2011ರ ಅಕ್ಟೋಬರ್ 5ರಂದು ಕೇಂದ್ರ ಸರ್ಕಾರ ಬಿಡುಗಡೆ ಮಾಡಿದ ಈ ಟ್ಯಾಬ್ಲೆಟ್‌ಗೆ ಸರ್ಕಾರ ಕೊಟ್ಟ ಬೆಲೆ ಸುಮಾರು 2,276 ರೂಪಾಯಿ. ಜಗತ್ತಿನಲ್ಲೇ ಅತ್ಯಂತ ಅಗ್ಗವೆಂದು ಸುದ್ದಿಯಾಯಿತು. ಒಳಗಿದ್ದದ್ದು 366 ಮೆಗಾಹರ್ಟ್ಸ್ ಸಂಸ್ಕಾರಕ, 256 ಎಂಬಿ ರ‍್ಯಾಮ್, ಒತ್ತಿ ಒತ್ತಿ ಮುಟ್ಟಬೇಕಾದ ಪರದೆ. ನಿಧಾನಗತಿಯ ಬಗ್ಗೆ ದೂರುಗಳು ಬಂದವು; ಮುಂದಿನ ವರ್ಷವೇ ಸುಧಾರಿತ ಮಾದರಿಯನ್ನು ತರಬೇಕಾಯಿತು. ಇಲ್ಲಿ ಬೆಲೆ ಮೊದಲು ನಿಗದಿಯಾಗಿತ್ತು. ವಿದ್ಯಾರ್ಥಿಯ ಕೆಲಸ ಆ ಬೆಲೆಯೊಳಗೆ ಹಿಡಿಸಬೇಕಾಗಿತ್ತು.

ಈ ಮೂರು ಅಧ್ಯಾಯಗಳಿಂದ ನಾನು ಗ್ರಹಿಸಿದ್ದು ಇಷ್ಟು: ಮೊದಲು ಕೆಲಸವನ್ನು ಗೊತ್ತುಮಾಡಿಕೊಳ್ಳಬೇಕು, ಆ ಕೆಲಸ ಎಷ್ಟು ವರ್ಷ ನಡೆಯಬೇಕೆಂದು ಲೆಕ್ಕ ಹಾಕಬೇಕು, ಬೆಲೆಯ ಮಾತು ಅನಂತರ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ನಿಜ. ಆದರೆ ಮೊಣಕಾಲಿಗೂ ಬಾರದ ಹಾಸಿಗೆಯನ್ನು ಅಗ್ಗವೆಂದು ಕೊಂಡರೆ ನಿದ್ದೆ ಬರುವುದಿಲ್ಲ.

ಈಗ ಪದವಿ ವಿದ್ಯಾರ್ಥಿನಿಯ ನಿತ್ಯದ ಕೆಲಸಗಳನ್ನು ನೋಡೋಣ. ಯುಯುಸಿಎಂಎಸ್ ಜಾಲತಾಣದಲ್ಲಿ ಪ್ರವೇಶ, ಪರೀಕ್ಷಾ ಅರ್ಜಿ, ಸ್ವಯಂ ಜಾಲತಾಣದ ಪಾಠಗಳ ವೀಕ್ಷಣೆ, ಕನ್ನಡ, ಇಂಗ್ಲಿಷ್ ಬರವಣಿಗೆ, ಲೆಕ್ಕದ ಹಾಳೆಗಳು, ಬಿ.ಕಾಂ.ನವರಿಗೆ ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಟ್ಯಾಲಿ. ಇವುಗಳಲ್ಲಿ ಯಾವುದೂ ಭಾರಿ ಕೆಲಸವಲ್ಲ. ಇಂದಿನ ಕಡಿಮೆ ಬೆಲೆಯ ಲ್ಯಾಪ್‌ಟಾಪ್ ಇವಕ್ಕೆ ಧಾರಾಳವಾಗಿ ಸಾಕು. ಆದರೆ ಕೆಳಗಿನ ಅಂಶಗಳಲ್ಲಿ ರಾಜಿ ಕೂಡದು.

ರ‍್ಯಾಮ್ ಎಂದರೆ ಮೇಷ್ಟ್ರ ಮೇಜು. ಸಂಗ್ರಹವೆಂದರೆ ಗೋಡೆಯ ಬೀರು. ಮೇಜು ಚಿಕ್ಕದಾದರೆ ಒಂದು ಪುಸ್ತಕ ತೆರೆಯಲು ಇನ್ನೊಂದನ್ನು ಮತ್ತೆ ಮತ್ತೆ ಬೀರುವಿಗೆ ಇಡಬೇಕು. ಯಂತ್ರ ತಡವರಿಸುವುದು ಇದರಿಂದಲೇ. 2021ರಲ್ಲಿ ಬಂದ ವಿಂಡೋಸ್ 11 ಕೇಳುವ ಕನಿಷ್ಠ ಪ್ರಮಾಣ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ. ಕನಿಷ್ಠವೆಂದರೆ ತೇರ್ಗಡೆಗೆ ಬೇಕಾದ ಅಂಕದಂತೆ. ಅದನ್ನೇ ಗುರಿ ಮಾಡಿಕೊಂಡ ಹುಡುಗ ಪಾಸಾಗುವುದೇ ಅನುಮಾನ. 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿಗಿಂತ ಕೆಳಗೆ ಇಳಿಯಬೇಡಿ. 64 ಜಿಬಿಯ ಇಎಂಎಂಸಿ ಎಂಬ ಸಂಗ್ರಹವಿದ್ದರೆ ಈ ಪಿಸಿಯ ಕಥೆಯೇ ಪುನರಾವರ್ತನೆಯಾಗುತ್ತದೆ. ಮುಂದೆ ರ‍್ಯಾಮ್ ಹೆಚ್ಚಿಸಲು ಖಾಲಿ ಸ್ಥಾನವಿದೆಯೇ ಎಂದೂ ಕೇಳಿ.

ಕಾರ್ಯವ್ಯವಸ್ಥೆಯನ್ನೂ ಗಮನಿಸಿ. 2023ರಲ್ಲಿ 16,499 ರೂಪಾಯಿಗೆ ಬಂದ ಜಿಯೋಬುಕ್‌ನಲ್ಲಿ ಇದ್ದದ್ದು ವಿಂಡೋಸ್ ಅಲ್ಲ, ಜಿಯೋ ಓಎಸ್. ಪಾಠ ನೋಡಲು, ಓದಲು ಅಂಥದು ಆದೀತು. ಟ್ಯಾಲಿ ಕಲಿಯುವವಳಿಗೆ ಒದಗದು. ಹಳೆಯ ಲ್ಯಾಪ್‌ಟಾಪ್ ಕೊಳ್ಳುವವರು ಇನ್ನೊಂದು ಸಂಗತಿ ತಿಳಿದಿರಬೇಕು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಟೆಲ್ ಯಂತ್ರವಾದರೆ ಎಂಟನೆಯ ಪೀಳಿಗೆ ಅಥವಾ ಅನಂತರದ್ದಾಗಿದ್ದರೆ ಮಾತ್ರ ವಿಂಡೋಸ್ 11ಕ್ಕೆ ಅಧಿಕೃತವಾಗಿ ಅರ್ಹ. ಅಂಥ ಯಂತ್ರ ಸುಸ್ಥಿತಿಯಲ್ಲಿ, ಖಾತರಿ ಪತ್ರದೊಡನೆ ದೊರೆತರೆ ಅದೇ ಬೆಲೆಯ ದುರ್ಬಲ ಹೊಸ ಯಂತ್ರಕ್ಕಿಂತ ಮೇಲು. ವಿದ್ಯುತ್ ಹೋಗಿ ಬರುವ ನಮ್ಮ ಊರುಗಳಲ್ಲಿ ಬ್ಯಾಟರಿಯ ಸ್ಥಿತಿಯನ್ನು ಮಾತ್ರ ಮರೆಯದೆ ಪರೀಕ್ಷಿಸಿ.

ಇನ್ನು ತಮ್ಮನ ಆಟ. ಆಟವೆಂದೊಡನೆ ಹುಬ್ಬು ಗಂಟಿಕ್ಕುವ ಪಾಲಕರಿಗೆ ಒಂದು ಮಾತು: 1990ರಲ್ಲಿ ವಿಂಡೋಸ್ 3.0 ಜೊತೆ ಬಂದ ಸಾಲಿಟೇರ್ ಎಂಬ ಇಸ್ಪೀಟಾಟವೇ ಲಕ್ಷಾಂತರ ಗುಮಾಸ್ತರಿಗೆ ಮೌಸ್ ಹಿಡಿದು ಎಳೆಯುವುದನ್ನು ಕಲಿಸಿತು. ಅಗ್ಗದ ಲ್ಯಾಪ್‌ಟಾಪಿನಲ್ಲಿ ಆಟದ ಚಿತ್ರಗಳಿಗೆ ಪ್ರತ್ಯೇಕ ಕಾರ್ಡ್ ಇರುವುದಿಲ್ಲ. ಚಿತ್ರದ ಭಾಗ ಮುಖ್ಯ ರ‍್ಯಾಮ್‌ನಿಂದಲೇ ಕಡ ಪಡೆಯುತ್ತದೆ. ಆದ್ದರಿಂದಲೇ 8 ಜಿಬಿ ಬೇಕೆಂದೆ. ಎರಡು ಸ್ಥಾನಗಳಲ್ಲಿ ಎರಡು ರ‍್ಯಾಮ್ ಪಟ್ಟಿಗಳಿದ್ದರೆ ಇನ್ನೂ ಲೇಸು. ಚದುರಂಗ, ಕೇರಂ, ಹಳೆಯ ರೇಸಿನ ಆಟಗಳು ಸರಾಗವಾಗಿ ನಡೆಯುತ್ತವೆ. 2003ರಲ್ಲಿ ಗಣಕಯಂತ್ರಕ್ಕೆ ಬಂದ ವೈಸ್ ಸಿಟಿ ಕೇಳುತ್ತಿದ್ದದ್ದು 128 ಎಂಬಿ ರ‍್ಯಾಮ್ ಮಾತ್ರ. ಅದರ ವಂಶದ್ದೇ ಆದ 2015ರ ಜಿಟಿಎ 5ಕ್ಕೆ 64 ಜಿಬಿಗಿಂತ ಹೆಚ್ಚು ಜಾಗವೇ ಬೇಕು. 64 ಜಿಬಿ ಯಂತ್ರದಲ್ಲಿ ಅದು ಕಾಲಿಡಲೂ ಆಗದು. ಬಯಲುಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ಯಂತ್ರ ಕಾದರೆ ತನ್ನನ್ನು ರಕ್ಷಿಸಿಕೊಳ್ಳಲು ವೇಗವನ್ನು ತಾನೇ ತಗ್ಗಿಸುತ್ತದೆ. ಹಾಸಿಗೆಯ ಮೇಲಿಟ್ಟು ಗಾಳಿಯ ಕಿಂಡಿ ಮುಚ್ಚಿ ಆಡಿದರಂತೂ ಕೇಳುವುದೇ ಬೇಡ.

ಆದ್ದರಿಂದ ನನ್ನ ಉತ್ತರ ಸ್ಪಷ್ಟ: ಅಕ್ಕನ ಓದಿಗೆ ಸಾಕು, ತಮ್ಮನ ಸಣ್ಣಪುಟ್ಟ ಆಟಕ್ಕೂ ಸಾಕು, ಹೊಸ ಭಾರಿ ಆಟಗಳಿಗೆ ಸಾಲದು. ಆ ಆಟಗಳಿಗಾಗಿ ದುಪ್ಪಟ್ಟು ಸಾಲ ಮಾಡಬೇಡಿ. ಹಾಗೆಯೇ ಎರಡು ಮೂರು ಸಾವಿರ ಉಳಿಯಿತೆಂದು 4 ಜಿಬಿ ಯಂತ್ರ ತಂದು ಮಗಳ ತಾಳ್ಮೆಯನ್ನು ಪರೀಕ್ಷಿಸಲೂ ಬೇಡಿ. ಅಂಗಡಿಗೆ ಅವಳನ್ನೇ ಕರೆದೊಯ್ಯಿರಿ. ಹತ್ತು ಪುಟಗಳನ್ನು ಒಟ್ಟಿಗೆ ತೆರೆದು, ಒಂದು ಪಾಠದ ವೀಡಿಯೊ ಹಚ್ಚಿ, ಕನ್ನಡದಲ್ಲಿ ನಾಲ್ಕು ಸಾಲು ಬರೆದು ನೋಡಲಿ. ಆ ಯಂತ್ರದೊಡನೆ ಮೂರು ವರ್ಷ ಕಳೆಯಬೇಕಾದವಳು ಅವಳು. ಒಪ್ಪಿಗೆ ಅವಳದೇ ಆಗಿರಲಿ.

ಎಲ್ಲ ಮಕ್ಕಳಿಗೂ ಶುಭವಾಗಲಿ.