ಮಿರಜಿನ ದವಾಖಾನೆ

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಕಡೆಯ ಹಿರಿಯರನ್ನು ನೀವು ಮಾತಿಗೆಳೆದರೆ, 'ಕೊನೆಗೆ ಮಿರಜಿಗೆ ಒಯ್ದರು' ಎಂಬ ಮಾತು ಒಮ್ಮೆಯಾದರೂ ಕಿವಿಗೆ ಬೀಳುತ್ತದೆ. ಊರಿನ ಔಷಧ ತಾಗಲಿಲ್ಲ, ಹರಕೆ ಫಲಿಸಲಿಲ್ಲ, ಸೂಲಗಿತ್ತಿ ಕೈಚೆಲ್ಲಿದಳು, ಇನ್ನುಳಿದ ಹಾದಿ ಮಿರಜೊಂದೇ ಎಂಬುದು ಆ ಮಾತಿನ ಅರ್ಥ. ಮಿರಜು ಇಂದು ಮಹಾರಾಷ್ಟ್ರದಲ್ಲಿದೆ. ಆದರೆ ರೋಗಿಯ ಚಕ್ಕಡಿಗೆ ಗಡಿ ಗೊತ್ತಿರಲಿಲ್ಲ. ಗಡಿಗಳಾದರೂ ಆಗ ಈಗಿನಂತಿರಲಿಲ್ಲ. ಅಥಣಿ, ಚಿಕ್ಕೋಡಿಗಳು ಇಂಗ್ಲಿಷರ ಬೆಳಗಾವಿ ಜಿಲ್ಲೆಗೆ ಸೇರಿದ್ದುವು, ರಾಯಬಾಗವು ಕೊಲ್ಲಾಪುರ ಸಂಸ್ಥಾನಕ್ಕೆ, ಮಿರಜು ಪಟವರ್ಧನರಿಗೆ. ಈ ಹರಕು ಮುರುಕು ಸೀಮೆಯ ಜನರೆಲ್ಲ ಒಂದೆಡೆ ಕೂಡುತ್ತಿದ್ದುದು ಜಾತ್ರೆಯಲ್ಲಿ, ಸಂತೆಯಲ್ಲಿ, ಆಮೇಲೆ ಮಿರಜಿನ ಮಿಷನ್ ದವಾಖಾನೆಯ ಕಟ್ಟೆಯ ಮೇಲೆ.

ಆ ದವಾಖಾನೆಯ ಚರಿತ್ರೆಯನ್ನು ನಿಮ್ಮ ಮುಂದಿಡುವುದಕ್ಕೆ ಒಂದು ಕಾರಣವಿದೆ. ಕ್ರಿಸ್ತಮತದ ಬಗೆಗೆ ನಮ್ಮಲ್ಲಿ ಆಗಾಗ ಚರ್ಚೆ ನಡೆಯುತ್ತದೆ. ಹೆಚ್ಚಿನ ಪಾಲು ಅದು ಮತಾಂತರದ ಚರ್ಚೆ. ಆದರೆ ಕ್ರಿಸ್ತನನ್ನು ನಂಬುವವನು ಬೆಳಗಾದರೆ ಏನು ಮಾಡಬೇಕು? ಈ ಪ್ರಶ್ನೆಯನ್ನು ಎತ್ತುವವರು ಕಡಿಮೆ. ಯೇಸು ತನ್ನ ಶಿಷ್ಯರಿಗೆ ಕೊಟ್ಟ ಆಜ್ಞೆಗಳು ಬಹಳವಿಲ್ಲ. ದೇವರನ್ನು ಪ್ರೀತಿಸು, ನೆರೆಯವನನ್ನು ಪ್ರೀತಿಸು: ಉಳಿದ ಧರ್ಮಶಾಸ್ತ್ರವೆಲ್ಲ ಈ ಎರಡರಲ್ಲಿ ಅಡಗಿದೆ ಎಂದು ಅವನು ಹೇಳಿದ. ನೆರೆಯವನು ಯಾರು ಎಂದು ಪಂಡಿತನೊಬ್ಬ ಕೇಳಿದಾಗ ವ್ಯಾಖ್ಯಾನಕ್ಕೆ ಹೋಗದೆ ಒಂದು ಕಥೆ ಹೇಳಿದ. ಕಳ್ಳರು ಬಡಿದು ಕೆಡವಿದ ದಾರಿಹೋಕನನ್ನು ಯಾಜಕನೊಬ್ಬ ಕಂಡೂ ಕಾಣದಂತೆ ಹೋದ, ಗುಡಿಯ ಸೇವಕನೊಬ್ಬನೂ ಹಾಗೆಯೇ ಹೋದ. ಯೆಹೂದ್ಯರು ಮೈಲಿಗೆಯೆಂದು ದೂರವಿಡುತ್ತಿದ್ದ ಸಮಾರ್ಯದವನೊಬ್ಬ ಮಾತ್ರ ನಿಂತ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ. ತನ್ನ ಪ್ರಾಣಿಯ ಮೇಲೆ ಕೂರಿಸಿ ಛತ್ರಕ್ಕೆ ಒಯ್ದ. ಛತ್ರದವನ ಕೈಗೆ ಎರಡು ನಾಣ್ಯ ಕೊಟ್ಟು, ಹೆಚ್ಚು ಖರ್ಚಾದರೆ ಮರಳಿ ಬರುವಾಗ ಕೊಡುತ್ತೇನೆ ಎಂದ. ಆ ಎರಡು ನಾಣ್ಯವನ್ನು ನೆನಪಿಡಿ. ಪ್ರೀತಿಗೂ ಲೆಕ್ಕವುಂಟು, ಹಣ ಯಾರಾದರೂ ಕೊಡಲೇಬೇಕು. ಮಿರಜಿನ ಕಥೆಯಲ್ಲಿ ಈ ಸಂಗತಿ ಮತ್ತೆ ಬರುತ್ತದೆ.

ನಮ್ಮ ಸೀಮೆಗೆ ಪಾದ್ರಿಗಳು ಬಂದುದು ಇದಕ್ಕೆ ಬಹು ಹಿಂದೆ. ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ 1820ರಲ್ಲಿ ಬಳ್ಳಾರಿಯಿಂದ ಬೆಳಗಾವಿಗೆ ಬಂದರು. ಅವರ ಬಳಿಕ ವಿಲಿಯಂ ಬೇನನ್ ಬಂದು ಸೇರಿದರು. ಬೆಳಗಾವಿಯ ಬೇನನ್ ಸ್ಮಿತ್ ಹೈಸ್ಕೂಲಿನ ಹೆಸರಿನಲ್ಲಿರುವವರು ಇವರೇ. ಇತ್ತ ನಿಪ್ಪಾಣಿಗೆ ಹತ್ತಿರವಾದ ಕೊಲ್ಲಾಪುರಕ್ಕೆ 1852ರಲ್ಲಿ ರಾಯಲ್ ವೈಲ್ಡರ್ ಎಂಬ ಅಮೇರಿಕದ ಪಾದ್ರಿ ಬಂದು ನೆಲೆಸಿದರು. ಶಾಲೆ, ಪ್ರಸಂಗ, ಪುಸ್ತಕ: ಇವು ಆ ಕಾಲದ ಸಾಧನಗಳು. ಶಾಲೆಗೆ ಜನ ಬಂದರು, ಪ್ರಸಂಗವನ್ನೂ ಕೇಳಿದರು, ಕೇಳಿ ಮನೆಗೆ ಹೋದರು. ಸಾವಿರ ಸಂತರ ಮಾತು ಕೇಳಿದ ನೆಲವಿದು. ಮತ್ತೊಬ್ಬರ ಮಾತಿಗೆ ಬೆರಗಾಗುವ ಜನರಲ್ಲ ನಾವು.

ಆ ಕೊಲ್ಲಾಪುರದ ಪಾದ್ರಿಯ ಮನೆಯಲ್ಲಿ 1863ರಲ್ಲಿ ರಾಬರ್ಟ್ ಎಂಬ ಮಗ ಹುಟ್ಟಿದ. ಪಂಚಗಂಗೆಯ ದಂಡೆಯ ಊರಲ್ಲಿ ಹುಟ್ಟಿದ ಈ ಹುಡುಗ ಅಮೇರಿಕಕ್ಕೆ ಹೋಗಿ ಓದಿ, 1886ರಲ್ಲಿ ಅಲ್ಲಿನ ಮೌಂಟ್ ಹರ್ಮನ್ ಎಂಬಲ್ಲಿ ಕೂಡಿದ ವಿದ್ಯಾರ್ಥಿಗಳ ನಡುವೆ ಒಂದು ಕಿಡಿ ಹೊತ್ತಿಸಿದ. ಪರದೇಶಕ್ಕೆ ಹೋಗಿ ಸೇವೆ ಮಾಡಲು ಸಿದ್ಧರಿದ್ದೇವೆಂದು ಅಲ್ಲಿ ಒಂದು ನೂರು ಮಂದಿ ವಿದ್ಯಾರ್ಥಿಗಳು ಮುಂದೆ ಬಂದರು. ವಿದ್ಯಾರ್ಥಿ ಸ್ವಯಂಸೇವಕರ ಚಳವಳಿ ಬೆಳೆದದ್ದು ಅಲ್ಲಿಂದ. ಆ ವರ್ಷಗಳ ಅಲೆಯಲ್ಲಿಯೇ ನಮ್ಮತ್ತ ತೇಲಿ ಬಂದವರು ಡಾಕ್ಟರ್ ವಿಲಿಯಂ ಜೇಮ್ಸ್ ವಾನ್ಲೆಸ್.

ವಾನ್ಲೆಸ್ 1865ರಲ್ಲಿ ಕೆನಡಾ ದೇಶದ ಒಂಟೇರಿಯೋದಲ್ಲಿ ಹುಟ್ಟಿದವರು. ನ್ಯೂಯಾರ್ಕಿನಲ್ಲಿ ವೈದ್ಯಕೀಯ ಓದಿ 1889ರಲ್ಲಿ ಪದವಿ ಪಡೆದರು. ಅದೇ ವರ್ಷ ಮದುವೆಯಾದರು, ಅದೇ ವರ್ಷ ಪತ್ನಿ ಮೇರಿಯೊಡನೆ ಹಡಗು ಹತ್ತಿದರು. ಇಪ್ಪತ್ತನಾಲ್ಕು ವರ್ಷದ ತರುಣ! ನ್ಯೂಯಾರ್ಕಿನಲ್ಲಿಯೇ ಒಂದು ಫಲಕ ತೂಗುಹಾಕಿ ಕುಳಿತಿದ್ದರೆ ಸುಖವಾಗಿ ಬಾಳಬಹುದಾಗಿತ್ತು. ಮೊದಲು ಸಾಂಗಲಿಯಲ್ಲಿ ಸಣ್ಣ ದವಾಖಾನೆ ತೆರೆದರು. 1892ರಲ್ಲಿ ಮಿರಜಿಗೆ ಬಂದರು. 1894ರಲ್ಲಿ ಅಲ್ಲಿ ಆಸ್ಪತ್ರೆ ಬಾಗಿಲು ತೆರೆಯಿತು. (ಕಿಟ್ಟೆಲರ ಕನ್ನಡ ನಿಘಂಟು ಅಚ್ಚಾದುದೂ ಅದೇ ವರ್ಷ. ಒಬ್ಬ ಪರದೇಶಿ ನಮ್ಮ ಮಾತುಗಳನ್ನು ಕೂಡಿಸಿದ, ಇನ್ನೊಬ್ಬ ನಮ್ಮ ಮುರಿದ ಎಲುಬುಗಳನ್ನು.) ನೆಲವನ್ನು ಕೊಟ್ಟವರು ಮಿರಜಿನ ಹಿಂದೂ ದೊರೆ. ಕಟ್ಟಡಕ್ಕೆ ಹಣ ಕೊಟ್ಟವರು ಫಿಲಡೆಲ್ಫಿಯಾದ ಜಾನ್ ಕಾನ್ವರ್ಸ್. ಬಾಲ್ಡ್‌ವಿನ್ ಎಂಬ ಹೆಸರಾಂತ ರೈಲು ಇಂಜಿನ್ ಕಾರ್ಖಾನೆಯ ಮುಖ್ಯಸ್ಥರು.

ರೈಲು ಇಂಜಿನಿನಿಂದ ಬಂದ ಹಣ ಮಿರಜಿನಂಥ ಊರಿಗೇ ಸೇರಿದ್ದು ಒಂದು ಸೋಜಿಗ. ಆ ಊರು ಬೆಳೆದದ್ದೇ ರೈಲಿನಿಂದ. ಬೆಳಗಾವಿಯಿಂದ ಪುಣೆಗೆ ಹೋಗುವ ಹಳಿ ಅಲ್ಲಿ ಹಾಯ್ದಿತ್ತು. 1891ರಲ್ಲಿ ಕೊಲ್ಲಾಪುರದ ಹಳಿಯೂ ಬಂದು ಕೂಡಿತು. ಈ ಮಾರ್ಗದ ನಿಲ್ದಾಣಗಳನ್ನು ಒಮ್ಮೆ ಎಣಿಸಿ ನೋಡಿ: ಘಟಪ್ರಭಾ, ಚಿಕ್ಕೋಡಿ ರೋಡ್, ರಾಯಬಾಗ, ಕುಡಚಿ, ಅಲ್ಲಿ ಕೃಷ್ಣೆಯ ಸೇತುವೆ ದಾಟಿದರೆ ಉಗಾರ, ಶೇಡಬಾಳ, ಮುಂದೆ ಮಿರಜು. ನಮ್ಮ ತಾಲೂಕುಗಳ ರೋಗಿಗಳಿಗಾಗಿಯೇ ಯಾರೋ ಗೆರೆ ಎಳೆದಂತಿದೆ. ಕಾಗವಾಡದವರಿಗಂತೂ ರೈಲೂ ಬೇಡ. ಬುತ್ತಿ ಕಟ್ಟಿಕೊಂಡು ನಡೆದರೆ ಊಟದ ಹೊತ್ತಿಗೆ ಮಿರಜು ಮುಟ್ಟಬಹುದು. ಅಥಣಿಯವರು ಚಕ್ಕಡಿ ಕಟ್ಟಿದರೆ ಕಾಗವಾಡದ ಮೇಲೆ ಹಾಯ್ದು ನೇರ ಹೋಗುವರು. ನಿಪ್ಪಾಣಿಯವರು ಕೊಲ್ಲಾಪುರದ ಹಾದಿ ಹಿಡಿದು ರೈಲು ಹತ್ತಬಹುದಾಗಿತ್ತು.

ಬಂದವರಲ್ಲಿ ಬಹಳ ಮಂದಿ ಕುರುಡರು. ಬಿಸಿಲು, ಧೂಳಿನ ಈ ಸೀಮೆಯಲ್ಲಿ ಕಣ್ಣಿಗೆ ಮೋತಿಬಿಂದು ಬಂದವನು ಮನೆಯ ಮೂಲೆಯಲ್ಲಿ ಕೂತೇ ಮುದುಕನಾಗುತ್ತಿದ್ದ. ವಾನ್ಲೆಸ್ ಮತ್ತು ಅವರ ಜೊತೆಗಾರರು ಮಾಡಿದ ಕಣ್ಣಿನ ಶಸ್ತ್ರಕ್ರಿಯೆಗಳು ಸಾವಿರಗಟ್ಟಲೆ. ಪೊರೆ ತೆಗೆದು, ಪಟ್ಟಿ ಕಟ್ಟಿ, ಕೆಲವು ದಿನ ಮಿಸುಕದೆ ಮಲಗಿಸಿ, ಪಟ್ಟಿ ಬಿಚ್ಚಿದ ಹೊತ್ತಿನಲ್ಲಿ ರೋಗಿ ಮೊದಲು ಕಂಡದ್ದು ಯಾರ ಮುಖವನ್ನೋ! ಅಂಥವನು ಊರಿಗೆ ಮರಳಿ ತಾನೇ ದಾರಿ ನೋಡಿಕೊಂಡು ಹೊಲಕ್ಕೆ ನಡೆದಾಗ, ಆ ಊರಿಗೆ ಬೇರೆ ಜಾಹೀರಾತು ಬೇಕಿರಲಿಲ್ಲ. ಕೊಲ್ಲಾಪುರದ ಶಾಹೂ ಮಹಾರಾಜರೂ ಈ ವೈದ್ಯರ ಸ್ನೇಹಿತರಾಗಿದ್ದರು.

ಇಲ್ಲಿ ನಿಮ್ಮ ಮನಸ್ಸಿಗೆ ಒಂದು ಸಂದೇಹ ಬಂದೇ ಬರುತ್ತದೆ. ಇದೆಲ್ಲ ಮತಕ್ಕೆ ಸೇರಿಸಿಕೊಳ್ಳಲು ಹೂಡಿದ ಬಲೆಯಲ್ಲವೆ? ಸಂದೇಹ ನ್ಯಾಯವಾದುದೇ. ವಾನ್ಲೆಸರು ತಾವು ಮಿಷನರಿಯೆಂಬುದನ್ನು ಎಂದೂ ಮುಚ್ಚಿಡಲಿಲ್ಲ. ಮಿಷನ್ ದವಾಖಾನೆಗಳಲ್ಲಿ ಚೀಟಿ ಕೊಡುವುದಕ್ಕೆ ಮುನ್ನ ಸುವಾರ್ತೆಯ ಒಂದು ಭಾಗ ಓದಿ ಪ್ರಾರ್ಥನೆ ಮಾಡುವುದು ಆ ಕಾಲದ ವಾಡಿಕೆ. ಹಸಿದವನ ಮುಂದೆ ತಾಟು ಇಟ್ಟು, ಉಣ್ಣುವ ಮೊದಲು ನನ್ನ ಮಾತು ಕೇಳು ಎಂದಂತೆ ಇದು ಕೆಲವರಿಗೆ ಕಂಡಿರಬೇಕು. ನನಗೂ ಅದು ಪೂರಾ ಒಪ್ಪಿಗೆಯಾಗದು. ಆದರೆ ಚರಿತ್ರೆಯನ್ನು ಬರೆಯುವವನು ಫಲವನ್ನೂ ನೋಡಬೇಕಷ್ಟೆ. ನಮ್ಮ ಈ ತಾಲೂಕುಗಳಲ್ಲಿ ಕ್ರೈಸ್ತರ ಸಂಖ್ಯೆ ಇಂದಿಗೂ ತೀರ ಕಡಿಮೆ. ಮಿರಜಿಗೆ ಹೋದ ಲಿಂಗವಂತ ಲಿಂಗವಂತನಾಗಿಯೇ ಮರಳಿದ, ಜೈನ ಜೈನನಾಗಿ, ಮುಸಲ್ಮಾನ ಮುಸಲ್ಮಾನನಾಗಿ. ಬಲೆಯೇ ಆಗಿದ್ದರೆ, ಮೀನು ಬೀಳದ ಬಲೆಯನ್ನು ಮೂವತ್ತೊಂಬತ್ತು ವರ್ಷ ಬೀಸುವ ಬೆಸ್ತನನ್ನು ನಾವು ಎಲ್ಲಿಯೂ ಕಂಡಿಲ್ಲ. 1889ರಲ್ಲಿ ಬಂದ ವಾನ್ಲೆಸ್ ನಿವೃತ್ತರಾದುದು 1928ರಲ್ಲಿ. ನಡುವೆ ಪತ್ನಿ ಮೇರಿ ತೀರಿಕೊಂಡರು. ಆಗಲೂ ಅವರು ಸ್ವದೇಶಕ್ಕೆ ಹೋಗಿ ನೆಲೆಸಲಿಲ್ಲ. ಎರಡನೆಯ ಪತ್ನಿ ಲಿಲಿಯನ್ ಅವರೊಡನೆ ಅದೇ ವಾರ್ಡುಗಳ ನಡುವೆ ಬಾಳಿದರು.

ವಿಧೇಯತೆ ಎಂಬ ಮಾತನ್ನು ಕ್ರೈಸ್ತರು ಬಹಳ ಬಳಸುತ್ತಾರೆ. ನಮ್ಮ ಕಿವಿಗೆ ಅದು ಸಾಲೆಯ ಮಾಸ್ತರನ ಮುಂದೆ ಕೈಕಟ್ಟಿ ನಿಂತಂತೆ ಕೇಳಿಸುತ್ತದೆ. ಆದರೆ ಮಿರಜಿನಂಥ ಕಡೆ ಅದರ ಅರ್ಥವೇ ಬೇರೆಯಾಯಿತು. ಮನಸ್ಸು ಬಂದಾಗ ದಯೆ ತೋರುವುದು ಎಲ್ಲರಿಂದಲೂ ಆಗುತ್ತದೆ. ನಿದ್ದೆಗಣ್ಣಿನಲ್ಲಿ, ಬೇಸಗೆಯ ಉರಿಯಲ್ಲಿ, ಹತ್ತನೆಯ ಹೆರಿಗೆಯೋ ನೂರನೆಯ ಹುಣ್ಣೋ ಎದುರಿಗೆ ಬಂದಾಗ ಮನಸ್ಸು ಬರುವುದಿಲ್ಲ. ಆಗ ಕೈಯನ್ನು ಎತ್ತಿಸುವುದು ಪ್ರೀತಿಯ ಉಕ್ಕಲ್ಲ, ಆಜ್ಞೆ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಬಲುಬೇಗ ನಮ್ಮ ಊರುಗಳಿಗೂ ಹಬ್ಬಿತು. ಜನ ಮನೆ ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಹೆತ್ತವರೇ ಮಕ್ಕಳನ್ನು ಮುಟ್ಟಲು ಹೆದರಿದ ಕಾಲ. ಅದರ ಬೆನ್ನಿಗೇ 1899–1900ರ ಭೀಕರ ಬರ. ಇಂಥ ದಿನಗಳಲ್ಲಿ ದವಾಖಾನೆಯ ಬಾಗಿಲು ತೆರೆದಿಡುವುದಕ್ಕೆ ಬರಿಯ ಕನಿಕರ ಸಾಲದು.

1900ರ ಹೊತ್ತಿಗೆ ಮಿರಜಿನಲ್ಲಿ ಕುಷ್ಠರೋಗಿಗಳಿಗಾಗಿ ಆಶ್ರಯವೊಂದು ಏರ್ಪಟ್ಟಿತು. ಇದನ್ನು ಕುರಿತು ಒಂದೆರಡು ಮಾತು ಹೆಚ್ಚು ಹೇಳಬೇಕು. ಮಹಾರೋಗವೆಂದು ನಮ್ಮವರು ಕರೆಯುತ್ತಿದ್ದ ಈ ಬೇನೆಗೆ ಆಗ ಗುಣವೆಂಬುದಿರಲಿಲ್ಲ. ಗರುಡಫಲದ ಜಾತಿಯ ಎಣ್ಣೆಯನ್ನು ಹಚ್ಚುವುದು, ಕುಡಿಸುವುದು, ಬಳಿಕ ಸೂಜಿಯಿಂದ ಚುಚ್ಚುವುದು, ಇಷ್ಟೇ. ನಿಜವಾದ ಔಷಧ, ಸಲ್ಫೋನ್ ಗುಳಿಗೆಗಳು ಬಂದುದು 1940ರ ದಶಕದಲ್ಲಿ. ಅಂದರೆ ನಾಲ್ವತ್ತು ವರ್ಷಗಳ ಕಾಲ ಅಲ್ಲಿನವರು ಮಾಡಿದ್ದು ಗುಣಪಡಿಸುವ ಕೆಲಸವಲ್ಲ. ಹುಣ್ಣು ತೊಳೆಯುವುದು, ಬಟ್ಟೆ ಸುತ್ತುವುದು, ಹೆಸರು ಹಿಡಿದು ಕರೆಯುವುದು. ವೈದ್ಯನಿಗೆ ಇದಕ್ಕಿಂತ ಕಷ್ಟದ ಪರೀಕ್ಷೆ ಬೇರೊಂದಿಲ್ಲ. ಮೋತಿಬಿಂದು ತೆಗೆದವನಿಗೆ ಕೀರ್ತಿ ಬರುತ್ತದೆ; ವಾಸಿಯಾಗದ ಹುಣ್ಣನ್ನು ನಿತ್ಯ ತೊಳೆದವನಿಗೆ ಏನು ಬಂದೀತು?

ಇದೇ ಕಾಲದಲ್ಲಿ ನಮ್ಮ ಅಥಣಿಯ ಗಚ್ಚಿನಮಠದಲ್ಲಿ ಮುರುಘೇಂದ್ರ ಶಿವಯೋಗಿಗಳಿದ್ದರು (1836–1921). ಅವರದು ಇಷ್ಟಲಿಂಗದ ಹಾದಿ, ಮಿರಜಿನವರದು ಶಿಲುಬೆಯ ಹಾದಿ. ಎರಡನ್ನೂ ಒಂದೇ ಎಂದು ಕಲಸುವ ಚಪಲ ನನಗಿಲ್ಲ. ಆದರೆ ಅಥಣಿಯ ಒಬ್ಬ ರೈತನ ಕಣ್ಣಿನಿಂದ ನೋಡಿ. ಮನಸ್ಸು ಕಂಗೆಟ್ಟಾಗ ಅವನು ಮಠದ ಮೆಟ್ಟಿಲು ಹತ್ತಿದ, ಮೈ ಕಂಗೆಟ್ಟಾಗ ಮಿರಜಿನ ಮೆಟ್ಟಿಲು ಹತ್ತಿದ. ದಾಸೋಹವೆಂಬ ಮಾತನ್ನು ಬಾಲ್ಯದಿಂದ ಕೇಳಿ ಬೆಳೆದವನಿಗೆ, ಹಣವಿಲ್ಲದವನ ಗಾಯಕ್ಕೂ ಪಟ್ಟಿ ಕಟ್ಟುವ ಬಿಳಿಯ ವೈದ್ಯನ ನಡತೆ ಹೊಸದಾಗಿ ಕಂಡಿರಲಾರದು. ವೇಷ ಮಾತ್ರ ಹೊಸದು.

ಇನ್ನು ಹಣದ ಮಾತು. ಅಮೇರಿಕದಿಂದ ಬಂದ ದೇಣಿಗೆಯೊಂದರಿಂದಲೇ ಮಿರಜು ನಡೆಯಲಿಲ್ಲ. ಸಂಸ್ಥಾನಿಕರು, ಸಾವುಕಾರರು ಶಸ್ತ್ರಕ್ರಿಯೆಗೆ ಕೊಟ್ಟ ಶುಲ್ಕದಿಂದ ಬಡವನ ಹಾಸಿಗೆಯ ಖರ್ಚು ಸಾಗುತ್ತಿತ್ತು. ಎಲ್ಲ ಕೆಲಸವನ್ನೂ ಪರದೇಶಿಗಳೇ ಮಾಡಲಾರರೆಂದು ಅರಿತ ವಾನ್ಲೆಸ್ 1897ರಲ್ಲಿಯೇ ಈ ನಾಡಿನ ಹುಡುಗರಿಗೆ ವೈದ್ಯ ಕಲಿಸುವ ಶಾಲೆ ತೆರೆದರು. ಡಾಕ್ಟರ್ ಚಾರ್ಲ್ಸ್ ವೈಲ್ ಬಂದು ಹೆಗಲು ಕೊಟ್ಟರು. ನಮ್ಮ ಚರಿತ್ರೆಯ ಪುಸ್ತಕಗಳು ಈ ಇಬ್ಬರ ಹೆಸರಿಗೇ ನಿಂತುಬಿಡುತ್ತವೆ. ರಾತ್ರಿಯೆಲ್ಲ ಕಂದೀಲು ಹಿಡಿದು ವಾರ್ಡಿನಲ್ಲಿ ನಡೆದಾಡಿದ ನರ್ಸುಬಾಯಿಯರು, ಕಂಪೌಂಡರರು, ರೋಗಿಯ ಕನ್ನಡವನ್ನು ಡಾಕ್ಟರರಿಗೆ ಮರಾಠಿಯಲ್ಲಿ ತಿಳಿಸಿ ಹೇಳಿದವರು, ಇವರಿಲ್ಲದೆ ಒಂದು ದಿನವೂ ಅದು ನಡೆಯುತ್ತಿರಲಿಲ್ಲ. ಅವರಲ್ಲಿ ಎಷ್ಟೋ ಮಂದಿ ಸ್ವಜನರಿಂದ ದೂರವಾಗಿ ಕ್ರೈಸ್ತರಾದ ಬಡ ಮನೆತನಗಳವರು. ಮುಟ್ಟಬಾರದವರೆಂದು ಊರಹೊರಗೆ ಇಟ್ಟಿದ್ದ ಕುಲದ ಹುಡುಗಿಯ ಕೈಯಿಂದಲೇ ಮೇಲುಕುಲದ ಯಜಮಾನ ಔಷಧ ಕುಡಿಯುವ ಪ್ರಸಂಗಗಳು ಮಿಷನ್ ಆಸ್ಪತ್ರೆಗಳಲ್ಲಿ ಬರುತ್ತಿದ್ದುವು. ಸಮಾರ್ಯದವನ ಕಥೆ ಅಲ್ಲಿ ತಿರುಗಾಮುರುಗಾ ಆಗುತ್ತಿತ್ತು: ಬಿದ್ದವನು ಯಜಮಾನ, ಎತ್ತಿದವಳು ಮೈಲಿಗೆಯವಳು.

1920ರಲ್ಲಿ ಸಾಂಗಲಿ–ಮಿರಜುಗಳ ನಡುವೆ ಕ್ಷಯರೋಗಿಗಳ ಆರೋಗ್ಯಧಾಮವೂ ಆರಂಭವಾಯಿತು. ಆ ಜಾಗಕ್ಕೆ ವಾನ್ಲೆಸ್‌ವಾಡಿ ಎಂಬ ಹೆಸರೇ ನಿಂತಿತು. ಸರಕಾರ 1928ರಲ್ಲಿ ವಾನ್ಲೆಸರಿಗೆ ಸರ್ ಪದವಿ ಕೊಟ್ಟಿತು. 1932ರಲ್ಲಿ ಅವರು ತಮ್ಮ ಅನುಭವಗಳನ್ನು ಪುಸ್ತಕವಾಗಿ ಹೊರತಂದರು. ಮರುವರ್ಷ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡರು. 1962ರಲ್ಲಿ ಮಿರಜಿನಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಬಂದಾಗ ಈ ಹಳೆಯ ಆಸ್ಪತ್ರೆಯೂ ಅದಕ್ಕೆ ನೆರವಾಯಿತು.

ಆ ಬಳಿಕ ಬೆಳಗಾವಿ, ಕೊಲ್ಲಾಪುರ, ಸಾಂಗಲಿಗಳಲ್ಲಿ ದೊಡ್ಡ ಆಸ್ಪತ್ರೆಗಳೆದ್ದುವು. ಹಣವುಳ್ಳವರು ಅತ್ತ ಹೊರಳಿದರು. ಸಾವುಕಾರನ ಶುಲ್ಕದಿಂದ ಬಡವನ ಹಾಸಿಗೆ ನಡೆಸುವ ಹಳೆಯ ಲೆಕ್ಕಕ್ಕೆ ಅಲ್ಲಿಯೇ ಪೆಟ್ಟು ಬಿತ್ತು; ವಾನ್ಲೆಸರ ಆಸ್ಪತ್ರೆ ಇತ್ತೀಚಿನ ದಶಕಗಳಲ್ಲಿ ಬಹು ಕಷ್ಟದ ದಿನಗಳನ್ನು ಕಂಡಿದೆ. ಛತ್ರದವನಿಗೆ ಎರಡು ನಾಣ್ಯ ಕೊಡುವವರು ಕಡಿಮೆಯಾದರು. ಗಾಯಗೊಂಡವರು ಮಾತ್ರ ಕಡಿಮೆಯಾಗಿಲ್ಲ. ರಾಯಬಾಗ, ಕುಡಚಿ, ಉಗಾರ, ಶೇಡಬಾಳಗಳಲ್ಲಿ ಬುತ್ತಿಯ ಗಂಟು, ಔಷಧದ ಚೀಟಿ ಹಿಡಿದು ಮಿರಜಿನ ಗಾಡಿ ಹತ್ತುವವರು ಇಂದಿಗೂ ಇದ್ದಾರೆ.