ಹಲಗೆಯ ಹಿಂದಿನ ಮೊಳೆ

ಮೊಳೆಗಾಗಿ ಮನೆಯನ್ನೇ ಸುಡುತ್ತಿದ್ದ ಕಾಲವೊಂದಿತ್ತು ಎಂದರೆ ಇಂದು ನಂಬುವುದು ಕಷ್ಟ. ಅಮೆರಿಕದ ವರ್ಜೀನಿಯಾ ಇನ್ನೂ ಇಂಗ್ಲೆಂಡಿನ ವಸಾಹತಾಗಿದ್ದಾಗ, ಜಮೀನು ತೊರೆದು ಹೊರಟವರು ತಮ್ಮ ಮರದ ಮನೆಗೆ ಬೆಂಕಿ ಹಚ್ಚಿ, ಬೂದಿಯಲ್ಲಿ ಮೊಳೆಗಳನ್ನು ಹೆಕ್ಕಿ ಒಯ್ಯುತ್ತಿದ್ದರು. ಸುತ್ತಲೂ ಕಾಡು; ಮರಕ್ಕೆ ಬರವಿರಲಿಲ್ಲ. ಮೊಳೆಯನ್ನಾದರೋ ಕಮ್ಮಾರ ಒಂದೊಂದಾಗಿ ಬಡಿದು ಮಾಡಬೇಕಿತ್ತು. 1645ರ ಸುಮಾರಿಗೆ ಅಲ್ಲಿನ ಶಾಸನಸಭೆ ಈ ಸುಡುವಿಕೆಯನ್ನು ನಿಷೇಧಿಸಿತು. ಮನೆಯಲ್ಲಿ ಎಷ್ಟು ಮೊಳೆಗಳಿವೆಯೆಂದು ಇಬ್ಬರು ತಟಸ್ಥರು ಅಂದಾಜು ಮಾಡಿ, ಅಷ್ಟನ್ನು ಯಜಮಾನನಿಗೆ ಕೊಡತಕ್ಕದ್ದೆಂದೂ ಗೊತ್ತುಮಾಡಿತು.

ಅದೇ ವರ್ಜೀನಿಯಾದ ಮಾಂಟಿಸೆಲೊದಲ್ಲಿ ಥಾಮಸ್ ಜೆಫರ್ಸನ್ 1794ರಲ್ಲಿ ಮೊಳೆ ಕಾರ್ಖಾನೆ ತೆರೆದ. ಕುಲುಮೆಯ ಮುಂದೆ ನಿಂತವರು 10ರಿಂದ 16 ವರ್ಷದ ಗುಲಾಮ ಹುಡುಗರು. ಕೊಟ್ಟ ಕಬ್ಬಿಣವೆಷ್ಟು, ಬಂದ ಮೊಳೆಯೆಷ್ಟು, ಪೋಲಾದದ್ದೆಷ್ಟು ಎಂದು ತೂಗಿ ಲೆಕ್ಕ ಬರೆದವನು, 1776ರಲ್ಲಿ ಮನುಷ್ಯರೆಲ್ಲ ಸಮಾನರೆಂದು ಬರೆದ ಮಹಾಶಯನೇ!

ಆ ವೇಳೆಗೆ ಮೊಳೆ ಕತ್ತರಿಸುವ ಯಂತ್ರ ಬಂದಿತ್ತು. ಮೊಳೆ ಅಗ್ಗವಾಯಿತು, ಅದರೊಂದಿಗೆ ಮನೆಯೂ ಬದಲಾಯಿತು. ಮೊದಲು ದಪ್ಪ ಕಂಬ-ತೊಲೆಗಳ ತುದಿ ಕೆತ್ತಿ, ಒಂದರೊಳಗೊಂದು ಕೂಡಿಸಿ, ಮರದ ಗೂಟ ಬಡಿಯುತ್ತಿದ್ದರು. 1830ರ ದಶಕದ ಷಿಕಾಗೊದಲ್ಲಿ ತೆಳು ಕಂಬಗಳನ್ನು ಬರೀ ಮೊಳೆ ಹೊಡೆದು ನಿಲ್ಲಿಸಿ, ಹೊರಗೆ ಹಲಗೆ ಹೊದಿಸುವ ಪದ್ಧತಿ ಬೆಳೆಯಿತು. ಇಡೀ ಮನೆ ಈಗ ಮೊಳೆಯ ಮೇಲೆ ನಿಂತಿತು. ತಂತಿಯಿಂದ ಮಾಡಿದ ಉಕ್ಕಿನ ಮೊಳೆ 1886ರಲ್ಲಿ ಆ ದೇಶದ ಉತ್ಪಾದನೆಯ ಶೇ. 10ರಷ್ಟಿದ್ದದ್ದು 1913ರ ವೇಳೆಗೆ ಶೇ. 90 ಆಯಿತು. ಹೆಕ್ಕುವ ಮಾತಿರಲಿ, ಬಿದ್ದ ಮೊಳೆಗೆ ಬಗ್ಗುವವರೂ ಇಲ್ಲವಾದರು.

ಆದರೆ ಮರ ಮೊಳೆಯನ್ನು ತಿನ್ನುತ್ತದೆ. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಹಾಕಿದರೆ ಕಪ್ಪು ಮಸಿಯಾಗುವುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಕಾಯಿಯ ಒಗರು, ಕಬ್ಬಿಣದ ಲವಣ, ಎರಡೂ ಸೇರಿ ಮಸಿ. ಓಕ್ ಮತ್ತು ಸೀಡರ್ ಮರಗಳಲ್ಲೂ ಅಂಥ ಒಗರಿನ ಅಂಶವುಂಟು. ಮಳೆ ಬಿದ್ದೊಡನೆ ಕಬ್ಬಿಣದ ಮೊಳೆಯ ತಲೆಯಿಂದ ಹಲಗೆಯ ಮೇಲೆ ಕಪ್ಪು ಗೆರೆ ಇಳಿಯುತ್ತದೆ.

ಕಾಣುವ ಮೊಳೆ ಹೀಗೆ ಎಚ್ಚರಿಕೆಯನ್ನಾದರೂ ಕೊಡುತ್ತದೆ. ಇಂದಿನ ಮರದ ಮನೆಗಳಲ್ಲಿ ಹಲಗೆಯ ಹಿಂದೆ ಗಾಳಿಯಾಡಲೆಂದು ರೀಪುಗಳನ್ನು ಹೊಡೆದಿರುತ್ತಾರೆ, ನಮ್ಮ ಮಂಗಳೂರು ಹೆಂಚಿನ ಕೆಳಗಿರುತ್ತವಲ್ಲ, ಹಾಗೆ. ಹಲಗೆಯ ಭಾರ, ಗಾಳಿಯ ಸೆಳೆತ ಎಲ್ಲವೂ ರೀಪಿನ ಮೊಳೆಗೇ. ಅದು ನಡುವಿನ ತೆಳು ಹಾಳೆಯನ್ನು ದಾಟಿ ಒಳಗಿನ ಕಂಬಕ್ಕೆ ಚೆನ್ನಾಗಿ ಇಳಿದಿರಬೇಕು. ತುಕ್ಕು ಹಿಡಿದರೆ ಹೊರಗಿನವರಿಗೆ ತಿಳಿಯುವುದಿಲ್ಲ.

ಇದಕ್ಕೆ ಮದ್ದೂ ಇತ್ತು. ಫ್ರಾನ್ಸಿನ ಸೊರೆಲ್ 1837ರಲ್ಲಿ ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದುವ ವಿಧಾನಕ್ಕೆ ಪೇಟೆಂಟ್ ಪಡೆದ. 1913ರಲ್ಲಿ ಷೆಫೀಲ್ಡಿನ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕು ತಯಾರಿಸಿದ. ಅಷ್ಟಕ್ಕೇ ಮುಗಿಯಲಿಲ್ಲ. ಗೆದ್ದಲು, ಬೂಷ್ಟು ಹತ್ತದಂತೆ ಮರಕ್ಕೆ ಉಣಿಸುತ್ತಿದ್ದ ಔಷಧದಲ್ಲಿ ಆರ್ಸೆನಿಕ್ ಇದೆಯೆಂದು ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಅದನ್ನು ಕೈಬಿಟ್ಟರು. ಬದಲಿಗೆ ಬಂದ ಔಷಧಗಳಲ್ಲಿ ತಾಮ್ರ ಹೆಚ್ಚು. ತಾಮ್ರವೋ ಸತುವನ್ನು ಬೇಗ ಸವೆಸುತ್ತದೆ. ಆದ್ದರಿಂದ ಅಂಥ ಮರಕ್ಕೆ ಸತುವಿನಲ್ಲಿ ಅದ್ದಿದ ದಪ್ಪ ಲೇಪದ ಮೊಳೆ, ಇಲ್ಲವೇ ಸ್ಟೇನ್‌ಲೆಸ್ ಮೊಳೆಯೇ ಆಗಬೇಕು. ವಿದ್ಯುತ್ತಿನಿಂದ ತೆಳ್ಳಗೆ ಸತು ಹಿಡಿಸಿದ್ದು ಸಾಲದು. ಅಂಗಡಿಯಲ್ಲಿ ಮಾತ್ರ ಅದ್ದಿದ ಮೊಳೆ ಮಂಕಾಗಿ, ಒರಟಾಗಿ ಕಾಣುತ್ತದೆ. ಥಳಥಳ ಹೊಳೆಯುವುದು ತೆಳು ಲೇಪದ್ದು, ಬೆಲೆಯೂ ಕಡಿಮೆ.